ಚಾಕೊಲೇಟ್ ಕಾರಂಜಿಗೆ ಒಂದು ಹನಿ ನೀರೂ ಬೇಡ

ಪ್ರಶ್ನೆ: ಲಗ್ನದ ಆರ್ಡರಿಗೆ ಐದು ಅಂತಸ್ತಿನ ಚಾಕೊಲೇಟ್ ಫೌಂಟೇನ್ ಇಡ್ತೀವ್ರಿ. ಅರ್ಧ ತಾಸಿನಾಗ ಗಟ್ಟಿ ಆಗಿ ನಿಂತುಬಿಡ್ತದ. ಮಷೀನ್ ಕೊಟ್ಟವ್ರು ಬಿಸಿನೀರು ಇಲ್ಲಾ ಹಾಲು ಹಾಕ್ರಿ ಅಂತಾರ. ಎಷ್ಟು ಹಾಕ್ಬೇಕು?
(ಕೇಟರಿಂಗ್ ನಡೆಸುವವರು, ಸೇಡಂ)

ಎರಡೂ ಬೇಡ. ಲಗ್ನದ ಸೀಸನ್ ಶುರುವಾದರೆ ಕಲಬುರಗಿ, ಬೀದರ್, ಯಾದಗಿರಿ ಮೂರೂ ಕಡೆಯಿಂದ ಇದೇ ಪ್ರಶ್ನೆ ಬರುತ್ತದೆ. ಪ್ರತಿ ಸಲವೂ ಪತ್ರ ಬರುವ ಹೊತ್ತಿಗೆ ಯಾರದೋ ಐದಾರು ಕಿಲೋ ಚಾಕೊಲೇಟ್ ಹಾಳಾಗಿರುತ್ತದೆ. ನನಗೆ ಸಿಟ್ಟು ಬರುವುದು ನಿಮ್ಮ ಮೇಲಲ್ಲ, ಈ ಸಲಹೆ ಕೊಡುವವರ ಮೇಲೆ. ಅವರಿಗೆ ಮಷೀನ್ ಮಾರಲು ಬರುತ್ತದೆ, ಚಾಕೊಲೇಟ್ ಗೊತ್ತಿಲ್ಲ.

ಚಾಕೊಲೇಟ್ ಹರಿಯುವುದು ಕೋಕೋ ಬೆಣ್ಣೆಯಿಂದ. ಸಕ್ಕರೆ ಮತ್ತು ಕೋಕೋದ ನುಣ್ಣನೆಯ ಕಣಗಳು ಆ ಕೊಬ್ಬಿನಲ್ಲಿ ತೇಲುತ್ತಿರುತ್ತವೆ. ನೀರಿನಂಶ ಇಲ್ಲವೆನ್ನುವಷ್ಟು ಕಡಿಮೆ. ಅದಕ್ಕೆ ಒಂದಿಷ್ಟು ನೀರು ಬಿತ್ತೆಂದರೆ, ಒಣ ಜೋಳದ ಹಿಟ್ಟಿಗೆ ನಾಲ್ಕು ಹನಿ ಬಿದ್ದ ಹಾಗೆ, ಸಕ್ಕರೆಯ ಕಣಗಳು ಒದ್ದೆಯಾಗಿ ಅಂಟಿಕೊಂಡು ಉಂಡೆ ಕಟ್ಟುತ್ತವೆ. ಹಾಲಿನಲ್ಲಿರುವುದೂ ಬಹುಪಾಲು ನೀರೇ. ಆಮೇಲೆ ಚಾಕೊಲೇಟನ್ನು ಮೇಲಕ್ಕೆತ್ತುವ ನಡುವಿನ ಕೊಳವೆಯ ಸ್ಕ್ರೂ ತಿರುಗಲಾರದೆ ಮೋಟಾರ್ ಸುಡುತ್ತದೆ.

ನಮ್ಮ ಕಡೆ ನೀರು ಇನ್ನೊಂದು ದಾರಿಯಿಂದಲೂ ಬರುತ್ತದೆ: ಫಂಕ್ಷನ್ ಹಾಲಿನ ಕೂಲರ್. ಐಸ್‌ಕ್ರೀಮ್ ಕೌಂಟರ್ ಪಕ್ಕ, ದೊಡ್ಡ ಕೂಲರಿನ ಎದುರಿಗೇ ಟೇಬಲ್ ಹಾಕಿರುತ್ತಾರೆ. ಗಾಳಿಗೆ ಚಾಕೊಲೇಟಿನ ಪರದೆ ಒಂದು ಕಡೆ ವಾಲಿ, ಹರಿದು, ನಿಂತವರ ಸೀರೆಗೆ ಸಿಡಿಯುತ್ತದೆ. ತಟ್ಟೆಯ ಅಂಚಿನಲ್ಲಿ ತಣ್ಣಗಾಗಿ ಹೆಪ್ಪುಗಟ್ಟುತ್ತದೆ. ಕೂಲರಿನ ತುಂತುರು ಸೀದಾ ಬಟ್ಟಲಿಗೆ. ಅದರ ಜೊತೆ ಹೆಚ್ಚಿದ ಕಲ್ಲಂಗಡಿ ಇಟ್ಟರಂತೂ ಮುಗಿಯಿತು. ಕಲ್ಲಂಗಡಿ ಬೇಡವೇ ಬೇಡ. ಬಾಳೆಹಣ್ಣು, ಕೇಕ್ ತುಂಡು, ಬಿಸ್ಕತ್ತು ಇಡಿ. ಸ್ಟ್ರಾಬೆರಿಯನ್ನು ತೊಳೆದ ಮೇಲೆ ಬಟ್ಟೆಯಲ್ಲಿ ಪೂರ್ತಿ ಒರೆಸಿ.

ತೆಳ್ಳಗಾಗಬೇಕೆಂದರೆ ಕೊಬ್ಬು ಹೆಚ್ಚಬೇಕು. ಕೂವರ್ಚರ್ ಎಂಬ ಚಾಕೊಲೇಟಿನಲ್ಲಿ ಕನಿಷ್ಠ ಶೇ 31ರಷ್ಟು ಕೋಕೋ ಬೆಣ್ಣೆ ಇರುತ್ತದೆ. ಕೈಗೆಟುಕಿದರೆ ಅದನ್ನೇ ಕೊಳ್ಳಿ. ಬೇಕರಿ ಸಾಮಾನಿನ ಅಂಗಡಿಯಲ್ಲಿ ಸಿಗುವ ಕಾಂಪೌಂಡ್‌ನಲ್ಲಿ ಕೋಕೋ ಬೆಣ್ಣೆಯ ಬದಲು ಬೇರೆ ಸಸ್ಯದ ಕೊಬ್ಬು ಇರುತ್ತದೆ. ರುಚಿ ಕಡಿಮೆ, ಆದರೆ ಹರಿಯುತ್ತದೆ; ಅದನ್ನೇ ಬಳಸಿದರೆ ಚಾಕೊಲೇಟ್ ಎಂದು ಹೇಳಿ ದುಡ್ಡು ತೆಗೆದುಕೊಳ್ಳಬೇಡಿ. ಆಗಲೂ ದಪ್ಪವೆನಿಸಿದರೆ ಕಿಲೋಗೆ 50 ಮಿಲಿ ರಿಫೈನ್ಡ್ ಸೂರ್ಯಕಾಂತಿ ಎಣ್ಣೆಯಿಂದ ಶುರುಮಾಡಿ, ಚಮಚದಿಂದ ಚಮಚ ಹೆಚ್ಚಿಸಿ. ಗಾಣದ ಕುಸುಬಿ, ಶೇಂಗಾ ಎಣ್ಣೆ ನಮ್ಮ ಅಡುಗೆಗೆ ಚೆಂದ, ಇಲ್ಲಿ ವಾಸನೆ ಹೊಡೆಯುತ್ತದೆ. ಬಿಸಿ 40ರಿಂದ 45 ಡಿಗ್ರಿ ಸಾಕು. ಮಿಲ್ಕ್, ವೈಟ್ ಚಾಕೊಲೇಟ್ ಹೆಚ್ಚು ಕಾದರೆ ತಳ ಹಿಡಿಯುತ್ತವೆ. ಪರದೆ ಒಂದೇ ಬದಿಗೆ ಸುರಿಯುತ್ತಿದ್ದರೆ ಮೊದಲು ಟೇಬಲ್ ಮಟ್ಟವಾಗಿದೆಯೇ ನೋಡಿ.

ಪ್ರಶ್ನೆ: ಮಧ್ಯ ಅಮೆರಿಕದ ಪ್ರಾಚೀನ ಮಾಯಾ ರಾಜರ ಅರಮನೆಯಲ್ಲಿ ಚಾಕೊಲೇಟ್ ಕಾರಂಜಿ ಇತ್ತೆಂದು ವಾಟ್ಸಾಪ್‌ನಲ್ಲಿ ಬಂದಿದೆ. ನಿಜವೇ?
(ಶಿಕ್ಷಕರು, ಬೀದರ್)

ಸುಳ್ಳು, ಮಕ್ಕಳಿಗೆ ಹೇಳಬೇಡಿ. ಮಾಯನ್ನರು ಕೋಕೋವನ್ನು ಕುಡಿಯುತ್ತಿದ್ದರು. ನೊರೆ ಬರಲೆಂದು ಎತ್ತರದಿಂದ ಪಾತ್ರೆಯಿಂದ ಪಾತ್ರೆಗೆ ಹೊಯ್ಯುತ್ತಿದ್ದರು. ಅದು ನೀರು ಬೆರೆಸಿದ ಪಾನೀಯ. ಕೋಕೋದಿಂದ ಬೆಣ್ಣೆ ಹಿಂಡಿ ತೆಗೆಯುವ ಯಂತ್ರಕ್ಕೆ ನೆದರ್‌ಲ್ಯಾಂಡ್ಸ್‌ನ ವಾನ್ ಹೌಟನ್ ಪೇಟೆಂಟ್ ಬಂದದ್ದು 1828ರಲ್ಲಿ. ತಾಸುಗಟ್ಟಲೆ ಅರೆದು ಚಾಕೊಲೇಟನ್ನು ನುಣ್ಣಗೆ ಹರಿಯುವಂತೆ ಮಾಡುವ ವಿಧಾನವನ್ನು ಸ್ವಿಟ್ಜರ್‌ಲ್ಯಾಂಡಿನ ರೊಡಾಲ್ಫ್ ಲಿಂಟ್ ಕಂಡುಕೊಂಡದ್ದು 1879ರಲ್ಲಿ. ಅದಕ್ಕೆ ಮೊದಲು ಕಾರಂಜಿಗೆ ತಕ್ಕ ಚಾಕೊಲೇಟೇ ಇರಲಿಲ್ಲ. ಹಣ್ಣನ್ನು ಬಿಸಿ ಚಾಕೊಲೇಟಿನಲ್ಲಿ ಅದ್ದಿ ತಿನ್ನುವ ಚಾಕೊಲೇಟ್ ಫಾಂಡ್ಯೂ 1960ರ ದಶಕದಲ್ಲಿ ನ್ಯೂಯಾರ್ಕ್‌ನಲ್ಲಿ ಹುಟ್ಟಿತು. ವಿದ್ಯುತ್ ಕಾರಂಜಿ ಅದಕ್ಕೂ ಈಚಿನದು.

ಪ್ರಶ್ನೆ: ಸ್ಕ್ರೂ ಇರುವುದೋ, ಪಂಪ್ ಇರುವುದೋ?
(ಬೇಕರಿ ಮಾಲೀಕರು, ಹುಮನಾಬಾದ್)

ನಿಮಗೆ ಸ್ಕ್ರೂ. ಪಂಪ್ ಬೇಕಾಗುವುದು ಲಾಸ್ ವೇಗಾಸ್‌ನ ಬೆಲ್ಲಾಜಿಯೊ ಹೋಟೆಲಿನಲ್ಲಿ ಕಟ್ಟಿದ ಸುಮಾರು 27 ಅಡಿ ಎತ್ತರದಂಥವಕ್ಕೆ.

ಪ್ರಶ್ನೆ: ನಮ್ಮ ಬಿಸಿಲಿಗೆ ಹೀಟರ್ ಯಾಕ ಬೇಕ್ರಿ?
(ಯಾದಗಿರಿ)

ಹಾಲ್ ಒಳಗೆ ಬಿಸಿಲಿಲ್ಲ. ಹೀಟರ್ ಹಾಕಿ.

ಪ್ರಶ್ನೆ: ಉಳಿದದ್ದನ್ನು ಮರುದಿನದ ಫಂಕ್ಷನ್‌ಗೆ ಬಳಸಬಹುದೇ?
(ಶಹಾಪುರ)

ಇಲ್ಲ. ನೂರಾರು ಜನ ಅದ್ದಿದ್ದು, ಕೆಲವರು ಕಚ್ಚಿದ ತುಂಡನ್ನೇ ಮತ್ತೆ ಅದ್ದಿರುತ್ತಾರೆ. ಸಾಲ್ಮೊನೆಲ್ಲಾದಂಥ ರೋಗಾಣು ಚಾಕೊಲೇಟಿನ ಕೊಬ್ಬಿನಲ್ಲಿ ತಿಂಗಳುಗಟ್ಟಲೆ ಬದುಕಬಲ್ಲದು, ಕಾರಂಜಿಯ ಬಿಸಿಗೆ ಅದು ಸಾಯುವುದಿಲ್ಲ. ಸೋಸಿದರೆ ಸರಿಹೋಗುತ್ತದೆ ಎಂದವರ ಮಾತು ಕೇಳಬೇಡಿ. ಬಿಸಿ ಇರುವಾಗ ಬಚ್ಚಲಿಗೂ ಸುರಿಯಬೇಡಿ, ಪೈಪಿನಲ್ಲಿ ಕಲ್ಲಾಗುತ್ತದೆ. ಕವರಿಗೆ ತುಂಬಿ, ಆರಿದ ಮೇಲೆ ಕಸದ ಗಾಡಿಗೆ ಹಾಕಿ.