ಜೈಲು, ರಾಜಕೀಯ ದಮನ ಅಂದಾಗ ನಿಮಗೆ ನೆನಪಾಗುವ ಚಿತ್ರಕಲೆ ಯಾವುದು? ಯಾಕೆ?

ನನಗೆ ನೆನಪಾಗುವುದು ರಷ್ಯಾದ ನಿಕೊಲಾಯ್ ಯಾರೊಶೆಂಕೊ 1888ರಲ್ಲಿ ಬರೆದ ತೈಲಚಿತ್ರ, 'ಎಲ್ಲೆಲ್ಲೂ ಬದುಕು'. ಅದಿರುವುದು ಮಾಸ್ಕೋದ ತ್ರೆತ್ಯಕೋವ್ ಗ್ಯಾಲರಿಯಲ್ಲಿ. ಬಳ್ಳಾರಿಯ ಡ್ರಾಯಿಂಗ್ ಮೇಷ್ಟ್ರಾದ ನಾನು ನೋಡಿರುವುದು ಪುಸ್ತಕದಲ್ಲಿ, ಮೊಬೈಲಿನಲ್ಲಿ, ಅಷ್ಟೇ.

ಕೈದಿಗಳನ್ನು ಸಾಗಿಸುವ ರೈಲು ಯಾವುದೋ ಸ್ಟೇಷನ್ನಿನಲ್ಲಿ ನಿಂತಿದೆ. ಕಿಟಕಿಗೆ ಕಬ್ಬಿಣದ ಸರಳು. ಅದರ ಹಿಂದೆ ತಲೆಗೆ ಕಪ್ಪು ವಸ್ತ್ರ ಹೊದ್ದ ತಾಯಿ, ಅವಳ ಕೂಸು, ಗಡ್ಡದ ಮುದುಕ, ಒಬ್ಬ ಸಿಪಾಯಿ, ಇನ್ನೂ ಒಂದೆರಡು ಮುಖ. ಕೂಸು ರೊಟ್ಟಿಯ ಚೂರು ಹಾಕುತ್ತಿದೆ, ಪ್ಲಾಟ್‌ಫಾರ್ಮಿನಲ್ಲಿ ಪಾರಿವಾಳಗಳು ಹೆಕ್ಕುತ್ತಿವೆ. ದೊಡ್ಡವರೂ ತಮ್ಮ ಪಾಡು ಮರೆತು ಅದನ್ನೇ ನೋಡುತ್ತಿದ್ದಾರೆ. ಇವರು ಮಾಡಿದ ತಪ್ಪೇನು ಅಂತ ಚಿತ್ರ ಬಾಯಿ ಬಿಡುವುದಿಲ್ಲ. 1881ರಲ್ಲಿ ರಷ್ಯಾದ ಚಕ್ರವರ್ತಿ (ಜಾರ್) ಎರಡನೇ ಅಲೆಕ್ಸಾಂಡರನ ಕೊಲೆಯಾಗಿ, ಅನುಮಾನ ಬಂದವರನ್ನೆಲ್ಲ ಸೈಬೀರಿಯಾಕ್ಕೆ ಅಟ್ಟುತ್ತಿದ್ದ ಕಾಲ ಅದು. ನೋಡಿದವರಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ತಮಾಷೆಯೆಂದರೆ ಯಾರೊಶೆಂಕೊ ಸೈನ್ಯದ ಅಧಿಕಾರಿ. ಪೀಟರ್ಸ್‌ಬರ್ಗಿನಲ್ಲಿ ಬಂದೂಕಿನ ಗುಂಡು ತಯಾರಿಸುವ ಕಾರ್ಖಾನೆಯಲ್ಲಿ ಕೆಲಸ, ಮೇಜರ್ ಜನರಲ್ ಆಗಿ ನಿವೃತ್ತಿ. ಸರ್ಕಾರದ ಸಂಬಳ ಉಣ್ಣುತ್ತಲೇ ಇದನ್ನು ಬರೆದ ಪುಣ್ಯಾತ್ಮ.

ಬಳ್ಳಾರಿಯವನಿಗೆ ಕೈದಿಗಳ ರೈಲು ಅಂದರೆ ಇನ್ನೊಂದು ನೆನಪೂ ಬರುತ್ತದೆ. 1921ರ ನವೆಂಬರಿನಲ್ಲಿ, ಈಗಿನ ಕೇರಳದ ಮಲಬಾರಿನಲ್ಲಿ ಮಾಪಿಳ್ಳೆ ಮುಸ್ಲಿಮರು ಬ್ರಿಟಿಷರ ವಿರುದ್ಧ ಎದ್ದ ದಂಗೆಯಲ್ಲಿ ಹಿಡಿದ ಸುಮಾರು 100 ಜನರನ್ನು ಬ್ರಿಟಿಷರು ತಿರೂರಿನಲ್ಲಿ ಗೂಡ್ಸ್ ವ್ಯಾಗನ್ನಿಗೆ ತುಂಬಿ ಬಾಗಿಲು ಜಡಿದರು. ಕಳಿಸುತ್ತಿದ್ದದ್ದು ನಮ್ಮ ಬಳ್ಳಾರಿ ಜೈಲಿಗೆ. ಕೊಯಮತ್ತೂರಿನ ಹತ್ತಿರದ ಪೋದನೂರಿನಲ್ಲಿ ಬಾಗಿಲು ತೆಗೆದು ನೋಡಿದರೆ ಹೆಣದ ಮೇಲೆ ಹೆಣ. ಉಸಿರುಗಟ್ಟಿ ಸತ್ತವರು ಸುಮಾರು 70 ಮಂದಿ. ಈ ಘಟನೆಯ ಚಿತ್ರವನ್ನು ತಿರೂರು ಸ್ಟೇಷನ್ನಿನ ಗೋಡೆಯ ಮೇಲೆ ಬರೆಸಿದ್ದರು; 2018ರಲ್ಲಿ ವಿರೋಧ ಬಂತು ಅಂತ ಅಳಿಸಿದರು. ಯಾರೊಶೆಂಕೊನ ಕಿಟಕಿ ನೋಡುವಾಗೆಲ್ಲ ಕಿಟಕಿಯೇ ಇಲ್ಲದ ಆ ವ್ಯಾಗನ್ ಕಣ್ಣಮುಂದೆ ಬರುತ್ತದೆ.

ಚಿತ್ರದಲ್ಲಿ ನನಗೆ ಒಗ್ಗದ್ದೂ ಇದೆ. ತಾಯಿ-ಕೂಸನ್ನು ಮೇರಿ ಮತ್ತು ಯೇಸುವಿನ ಹಾಗೆ ನಿಲ್ಲಿಸಿದ್ದು ಸ್ವಲ್ಪ ಅತಿ. ಆದರೆ ಬೋಗಿಯ ಒಳಗೆ, ಆಚೆ ಬದಿಯ ಕಿಟಕಿಗೆ ಮುಖ ಮಾಡಿ, ನಮಗೆ ಬೆನ್ನು ಹಾಕಿ ಒಬ್ಬ ನಿಂತಿದ್ದಾನಲ್ಲ, ಅವನಿಂದ ಚಿತ್ರ ಬಚಾವಾಯಿತು. ಅವನಿಲ್ಲದಿದ್ದರೆ ಇದು ಕ್ಯಾಲೆಂಡರ್ ಚಿತ್ರ. ಒಮ್ಮೆ ಎಂಟನೇ ಕ್ಲಾಸಿಗೆ ತೋರಿಸಿದಾಗ ಹಿಂದಿನ ಬೆಂಚಿನ ಹುಡುಗಿ ಕೇಳಿದ್ದಳು: "ಸರ್, ಎಲ್ಲಾರು ಪಾರಿವಾಳ ನೋಡಾಕ ಹತ್ಯಾರ, ಅವ ಯಾಕ ಆ ಕಡೆ ನಿಂತಾನ್ರಿ?"

"ಅವನನ್ನೇ ಕೇಳವ್ವ" ಅಂದೆ. ಬೇರೆ ಉತ್ತರ ಹೊಳೆಯಲಿಲ್ಲ.

ನೀವು ನೋಡುವುದಾದರೆ ದೊಡ್ಡ ಸೈಜಿನ ಫೋಟೋ ಹುಡುಕಿ. ಸಣ್ಣದರಲ್ಲಿ ಆ ಮನುಷ್ಯ ಬರೀ ಕಪ್ಪು ಕಲೆಯ ಹಾಗೆ ಕಾಣುತ್ತಾನೆ.