ಆಡಿನ ತೊಗಲನ್ನು ಆರು ಗಂಟೆ ಕುದಿಸಿದರೂ ಜೆಲಾಟಿನ್ ಯಾಕೆ ಗಟ್ಟಿಯಾಗಲಿಲ್ಲ?

ನಿಮ್ಮ ಪ್ರಶ್ನೆ ಓದಿ ನಗು ಬಂತು. ಬೇಜಾರು ಮಾಡ್ಕೋಬೇಡಿ, ನಿಮ್ಮನ್ನು ನೋಡಿ ನಕ್ಕಿದ್ದಲ್ಲ. ನಾನೂ ಮೊದಲ ಸಲ ಮಾಡಿದ್ದು ಇದನ್ನೇ. ಯಾದಗಿರಿಯ ಮಟನ್ ಅಂಗಡಿಯಿಂದ ಆಡಿನ ತೊಗಲು ತಂದು, ಒಂದು ರಾತ್ರಿ ಸುಣ್ಣದ ನೀರಲ್ಲಿಟ್ಟು, ಕೂದಲು ಕೆರೆದು, ಆರು ಗಂಟೆ ಕುದಿಸಿದ್ದೀರಿ. ಸಿಕ್ಕಿದ್ದು ಕಂದು ಬಣ್ಣದ, ವಾಸನೆ ಹೊಡೆಯುವ ಅಂಟು. ಅಂಗಡಿಯ ಜೆಲಾಟಿನ್ ಪುಡಿಯ ಹಾಗೆ ಅದು ಗಟ್ಟಿಯಾಗಲಿಲ್ಲ, ಕಾಲೇಜಿನ ಪ್ರಾಜೆಕ್ಟಿಗೆ ಇನ್ನೇನು ಮಾಡಲಿ ಅಂತ ಕೇಳಿದ್ದೀರಿ.

ನೀವು ತೆಗೆದಿದ್ದು ಸರೇಸು. ಬಡಿಗೇರು ಹಿಂದೆಲ್ಲ ಡಬ್ಬಿಯಲ್ಲಿ ಕಾಯಿಸಿ ಬಾಗಿಲ ಚೌಕಟ್ಟಿಗೆ ಹಚ್ಚುತ್ತಿದ್ದ ಅಂಟು ಇದೆಯಲ್ಲ, ಅದೇ. ವಸ್ತು ಎರಡೂ ಒಂದೇ, ಮಾಡುವ ರೀತಿ ಬೇರೆ. ನಾನು ಓದುವಾಗ ಆಡಿನ ತೊಗಲಿನ ಮೇಲೆ ಎರಡು ವರ್ಷ ಕೆಲಸ ಮಾಡಿದ್ದೇನೆ, ಈಗ ಕಲಬುರಗಿಯಲ್ಲಿದ್ದೇನೆ. ನನಗೆ ಗೊತ್ತಾದದ್ದು ಹೇಳುತ್ತೇನೆ.

ತೊಗಲಿನಲ್ಲಿರುವುದು ಕೊಲಾಜೆನ್ ಅನ್ನುವ ಪ್ರೋಟೀನ್. ನಮ್ಮ ಕಡೆಯ ಪುಂಡಿ ನಾರಿನ ಹಗ್ಗ ನೆನಪು ಮಾಡಿಕೊಳ್ಳಿ. ಮೂರು ಎಳೆ ಒಂದಕ್ಕೊಂದು ಹುರಿಗೊಂಡಿರುತ್ತವೆ. ಅಕ್ಕಪಕ್ಕದ ಹಗ್ಗಗಳ ನಡುವೆ ಗಂಟುಗಳೂ ಇವೆ. ಗಂಟು ಸಡಿಲಿಸಿ, ಹುರಿ ಬಿಚ್ಚಿ, ಎಳೆಗಳನ್ನು ಉದ್ದಕ್ಕೇ ಹೊರಗೆ ತಂದರೆ ಒಳ್ಳೆಯ ಜೆಲಾಟಿನ್. ತಣ್ಣಗಾದಾಗ ಆ ಎಳೆಗಳು ಅಲ್ಲಲ್ಲಿ ಮತ್ತೆ ಹುರಿಗೊಂಡು, ನಡುವೆ ನೀರನ್ನು ಹಿಡಿದಿಡುತ್ತವೆ. ಗಟ್ಟಿಯಾಗುವುದು ಅಂದರೆ ಇಷ್ಟೇ. ಎಳೆಗಳು ಚೂರುಚೂರಾಗಿದ್ದರೆ ಹುರಿಗೊಳ್ಳಲು ಉದ್ದವೇ ಸಾಲದು, ಸುಮ್ನೆ ಜಿಗುಟಾಗಿ ಬಿದ್ದಿರುತ್ತವೆ. ಆರು ಗಂಟೆಯ ಕುದಿ ನಿಮ್ಮ ಎಳೆಗಳನ್ನು ಕತ್ತರಿಸಿ ಹಾಕಿದೆ.

ಒಂದು ಸಣ್ಣ ಪ್ರಯೋಗ ಮಾಡಿ ನೋಡಿ. ಕೂದಲು ತೆಗೆದ ತೊಗಲಿನ ಬೆರಳುದ್ದದ ಪಟ್ಟಿ ಕತ್ತರಿಸಿ, ಸ್ಟೀಲ್ ಪಾತ್ರೆಯ ನೀರಲ್ಲಿ ಹಾಕಿ, ಥರ್ಮಾಮೀಟರ್ ಇಟ್ಟು ಸಣ್ಣ ಉರಿಯಲ್ಲಿ ಕಾಯಿಸಿ. 50 ಡಿಗ್ರಿಯವರೆಗೆ ಅದು ಸುಮ್ಮನೆ ಮಲಗಿರುತ್ತದೆ. 60 ದಾಟಿ ಸ್ವಲ್ಪ ಹೊತ್ತಿಗೆ ಏನೋ ನೆನಪಾದ ಹಾಗೆ ಚುರುಟಿಕೊಳ್ಳುತ್ತದೆ, ನೋಡನೋಡುತ್ತ ಅರ್ಧದಷ್ಟಾಗುತ್ತದೆ. ಹುರಿ ಬಿಚ್ಚಿಕೊಂಡ ಗಳಿಗೆ ಅದು. ಆದರೂ ಪಟ್ಟಿ ನೀರಲ್ಲಿ ಕರಗಲ್ಲ, ಯಾಕೆಂದರೆ ಗಂಟುಗಳು ಇನ್ನೂ ಹಾಗೇ ಇವೆ. ನಿಮಗೆ ಅಷ್ಟು ಹೊತ್ತು ಕುದಿಸಬೇಕಾಗಿ ಬಂದದ್ದೂ ಇದಕ್ಕೇ.

ಗಂಟು ಸಡಿಲಿಸುವ ಕೆಲಸ ಒಲೆಯ ಮೇಲೆ ಆಗುವುದಲ್ಲ, ಅದಕ್ಕೂ ಮೊದಲೇ ಆಗಬೇಕು. ಅದಕ್ಕೆ ಎರಡು ದಾರಿ, ಸುಣ್ಣ ಅಥವಾ ಆಮ್ಲ. ಒಂದು ರಾತ್ರಿಯ ಸುಣ್ಣ ಕೂದಲು ಬಿಡಿಸುತ್ತದೆ, ಅಷ್ಟೇ. ದನದ ತೊಗಲಿನಂಥ ದಪ್ಪ ಮಾಲಿಗೆ ಕಾರ್ಖಾನೆಗಳಲ್ಲಿ ವಾರಗಟ್ಟಲೆ, ಕೆಲವೊಮ್ಮೆ ಎರಡು ಮೂರು ತಿಂಗಳು ಸುಣ್ಣದಲ್ಲಿ ಇಡುತ್ತಾರೆ. ಹಂದಿಯ ತೊಗಲು, ಎಳೆ ಪ್ರಾಣಿಯ ತೊಗಲಿನಲ್ಲಿ ಗಂಟುಗಳು ಅಷ್ಟು ಬಿಗಿಯಾಗಿ ಇರಲ್ಲ. ಅದಕ್ಕೆ ತೆಳು ಆಮ್ಲದಲ್ಲಿ ಒಂದೆರಡು ದಿನ ಸಾಕು. ಮುದಿ ಹೋತದ ತೊಗಲು ತಂದು ಮರಿಯ ತೊಗಲಿನ ಲೆಕ್ಕ ಹಾಕಿದರೆ ಆಗಲ್ಲ.

ರಿಪೋರ್ಟಿನಲ್ಲಿ ಬರೆಯಲು ಇದೂ ಬೇಕಾಗುತ್ತದೆ: ಆಮ್ಲದ ದಾರಿಯಲ್ಲಿ ಬಂದದ್ದು ಎ ಮಾದರಿ, ಸುಣ್ಣದ ದಾರಿಯಲ್ಲಿ ಬಂದದ್ದು ಬಿ ಮಾದರಿ. ಸುಣ್ಣ ಕೊಲಾಜೆನ್ನಿನ ಅಮೈಡ್ ಗುಂಪುಗಳಿಂದ ಅಮೋನಿಯಾ ಬಿಡಿಸಿ ಅವನ್ನು ಆಮ್ಲದ ಗುಂಪುಗಳಾಗಿ ಮಾಡುತ್ತದೆ. ಹಾಗಾಗಿ ವಿದ್ಯುದಂಶ ಸೊನ್ನೆಯಾಗುವ ಪಿಎಚ್ ಬದಲಾಗುತ್ತದೆ. ಎ ಮಾದರಿಗೆ ಅದು 7ರಿಂದ 9, ಬಿ ಮಾದರಿಗೆ 5ರ ಆಸುಪಾಸು. ಎರಡನ್ನೂ 6ರ ಹತ್ತಿರದ ಪಿಎಚ್‌ನಲ್ಲಿ ಬೆರೆಸಿದರೆ ಒಂದು ಧನ, ಇನ್ನೊಂದು ಋಣ. ಒಂದನ್ನೊಂದು ಹಿಡಿದುಕೊಂಡು ದ್ರಾವಣ ಮಸುಕಾಗಿಬಿಡುತ್ತದೆ.

ನಿಮಗೆ ಸಮಯ ಕಡಿಮೆ ಅಲ್ವಾ, ಆಮ್ಲದ ದಾರಿ ಹಿಡಿಯಿರಿ. ಕೂದಲು ತೆಗೆದ ಮೇಲೆ ಒಳಗಿನ ಕೊಬ್ಬನ್ನು ಚಾಕುವಿನಿಂದ ಚೆನ್ನಾಗಿ ಕೆರೆಯಿರಿ. ಚಿಕ್ಕ ಚೂರು ಮಾಡಿ ಸುಣ್ಣ ಹೋಗುವವರೆಗೆ ತೊಳೆಯಿರಿ. ಆಮೇಲೆ ತೆಳು ಅಸಿಟಿಕ್ ಆಮ್ಲದಲ್ಲಿ, ಅಂದರೆ ವಿನೆಗರ್‌ಗೆ ನೀರು ಬೆರೆಸಿದಷ್ಟು ಸಾಂದ್ರತೆಯಲ್ಲಿ, ತಂಪಾದ ಜಾಗದಲ್ಲಿ ಒಂದು ದಿನ ಇಡಿ. ಚೂರುಗಳು ಉಬ್ಬಿ, ನೆನೆದ ಸಾಬೂದಾಣಿಯ ಹಾಗೆ ಅರೆಪಾರದರ್ಶಕ ಆಗಬೇಕು. ಉಬ್ಬದಿದ್ದರೆ ತೊಗಲಿಗೆ ಉಪ್ಪು ಹಚ್ಚಿದ್ದರಾ ಅಂತ ಅಂಗಡಿಯವರನ್ನು ಕೇಳಿ. ಉಪ್ಪು ಉಳಿದಿದ್ದರೆ ಆಮ್ಲದಲ್ಲಿ ತೊಗಲು ಉಬ್ಬಲ್ಲ. ಗಂಧಕಾಮ್ಲ ಮಾತ್ರ ಬೇಡ. ಲ್ಯಾಬಿನಲ್ಲಿ ಕೈಗೆ ಸಿಕ್ಕಿತು ಅಂತ ಸುಣ್ಣದ ತೊಗಲಿಗೆ ಅದನ್ನೇ ಹಾಕಿದ್ದೆ. ಉಳಿದ ಸುಣ್ಣದ ಜೊತೆ ಸೇರಿ ಜಿಪ್ಸಂ ಆಯಿತು, ಇಡೀ ಬ್ಯಾಚ್ ಮಜ್ಜಿಗೆಯ ಬಣ್ಣ. ಬೋರ್‌ವೆಲ್ಲಿನ ಗಡಸು ನೀರೂ ಬೂದಿಯ ಅಂಶ, ಅಂದರೆ ಜೆಲಾಟಿನ್ ಸುಟ್ಟ ಮೇಲೆ ಉಳಿಯುವ ಖನಿಜ, ಹೆಚ್ಚಿಸುತ್ತದೆ. ಕೊನೆಯ ತೊಳೆತಕ್ಕೂ ಮುಂದಿನ ಹಂತಕ್ಕೂ ಆರ್‌ಒ ಕ್ಯಾನ್ ನೀರು ತರಿಸಿಕೊಳ್ಳಿ.

ಈಗ ಒಲೆ. ಮೊದಲು 55ರಿಂದ 60 ಡಿಗ್ರಿಯಲ್ಲಿ ಮೂರು ನಾಲ್ಕು ಗಂಟೆ ಇಟ್ಟು ನೀರು ಬಸಿದುಕೊಳ್ಳಿ. ಅದೇ ತೊಗಲಿಗೆ ಹೊಸ ನೀರು ಹಾಕಿ 70ರ ಹತ್ತಿರ ಇನ್ನೊಮ್ಮೆ, ಆಮೇಲೆ 80ರಲ್ಲಿ ಮತ್ತೊಮ್ಮೆ. ಕಾರ್ಖಾನೆಗಳಲ್ಲೂ ಹೀಗೇ ಹಂತಹಂತವಾಗಿ ತೆಗೆಯುತ್ತಾರೆ, ಕುದಿಯುವ ನೀರು ಕೊನೆಯ ಸರದಿಗೆ. ಮೊದಲ ಸಲದ್ದು ತಿಳಿ ಬಣ್ಣ, ಗಟ್ಟಿ ಜೆಲ್. ಕೊನೆಯದ್ದು ಕಂದು, ಮೆತ್ತಗೆ. ಪಿಎಚ್ ಕೂಡ ಇಲ್ಲಿ ಆಟ ಆಡುತ್ತದೆ. 4ರ ಆಸುಪಾಸು ಇದ್ದರೆ ಜೆಲಾಟಿನ್ ಬೇಗ ಬರುತ್ತದೆ, ಜಾಸ್ತಿಯೂ ಬರುತ್ತದೆ, ಆದರೆ ಬಿಸಿ ಆಮ್ಲ ಎಳೆಗಳನ್ನು ಕತ್ತರಿಸುತ್ತ ಹೋಗುತ್ತದೆ. 6ರ ಹತ್ತಿರ ನಿಧಾನ, ಇಳುವರಿ ಕಡಿಮೆ, ಜೆಲ್‌ನ ಬಲ ಹೆಚ್ಚು. ಬಸಿದ ದ್ರಾವಣವನ್ನು ಬಿಸಿಯಲ್ಲೇ ಬಿಟ್ಟು ಚಹಾ ಕುಡಿಯಲು ಹೋಗಬೇಡಿ, ಅಲ್ಲೂ ಬಲ ಕುಗ್ಗುತ್ತಿರುತ್ತದೆ.

ಹಾಗಾದರೆ ಪಾಯಾ ರಾತ್ರಿಯಿಡೀ ಕುದಿಯುತ್ತದೆ, ಚಳಿಗಾಲದ ಬೆಳಿಗ್ಗೆ ಮುಚ್ಚಳ ತೆಗೆದರೆ ಹೆಪ್ಪುಗಟ್ಟಿರುತ್ತದಲ್ಲ ಅಂತ ನೀವು ಕೇಳಬಹುದು. ಪಾಯಾದಲ್ಲಿ ಕಾಲು ಜಾಸ್ತಿ, ನೀರು ಕಡಿಮೆ. ಎಳೆಗಳು ಎಷ್ಟೇ ತುಂಡಾದರೂ ಅಷ್ಟು ದಟ್ಟವಾಗಿದ್ದರೆ ತಂಪಿಗೆ ಹಿಡಿದುಕೊಳ್ಳುತ್ತವೆ. ತುಟಿಗೆ ತುಟಿ ಅಂಟುವುದೂ ಅದರಿಂದಲೇ. ನೀರು ಸೇರಿಸಿ ತೆಳು ಮಾಡಿ ನೋಡಿ, ಗೊತ್ತಾಗುತ್ತದೆ.

ಗಟ್ಟಿತನವನ್ನು ಮೇಜಿನ ಮೇಲಿಟ್ಟು ಅಳೆಯಬೇಡಿ. ಜೆಲಾಟಿನ್ ಜೆಲ್ 30 ಡಿಗ್ರಿ ಆಸುಪಾಸಿನಲ್ಲಿ ಕರಗುತ್ತದೆ, ನಮ್ಮಲ್ಲಿ ಮೇ ತಿಂಗಳಲ್ಲಿ 42 ಮಾಮೂಲಿ. ಅಂಗಡಿಯ ಅತಿ ಒಳ್ಳೆಯ ಪುಡಿಯೂ ಇಲ್ಲಿ ನೀರೇ. ಅಳತೆಗೆ ಬ್ಲೂಮ್ ಅನ್ನುವ ಮಾಪನ ಇದೆ. 7.5 ಗ್ರಾಂ ಪುಡಿಯನ್ನು 105 ಮಿಲಿ ನೀರಲ್ಲಿ ಕರಗಿಸಿ, 10 ಡಿಗ್ರಿಯಲ್ಲಿ 16ರಿಂದ 18 ಗಂಟೆ ಇಡುತ್ತಾರೆ. 12.7 ಮಿಲಿಮೀಟರ್ ಅಗಲದ ದುಂಡು ಕೋಲು ಅದರೊಳಗೆ 4 ಮಿಲಿಮೀಟರ್ ಇಳಿಯಲು ಎಷ್ಟು ಗ್ರಾಂ ಭಾರ ಬೇಕೋ ಅದೇ ಬ್ಲೂಮ್ ಅಂಕಿ. ಮಾರಾಟದ ಜೆಲಾಟಿನ್ ಸುಮಾರು 50ರಿಂದ 300ರವರೆಗೆ ಇರುತ್ತದೆ. ಈ ಯಂತ್ರ ನಿಮ್ಮ ಕಾಲೇಜಿನಲ್ಲಿ ಇಲ್ಲದಿದ್ದರೆ ಬೀದರಿನ ನಂದಿನಗರದಲ್ಲಿರುವ ಪಶುವೈದ್ಯಕೀಯ ವಿಶ್ವವಿದ್ಯಾಲಯದಲ್ಲಿ ಕೇಳಿ ನೋಡಿ. ಅದೂ ಆಗದಿದ್ದರೆ ಒಂದೇ ಅಳತೆಯ ಲೋಟಗಳಲ್ಲಿ ನಿಮ್ಮದನ್ನೂ ಅಂಗಡಿಯದನ್ನೂ ಒಂದೇ ಫ್ರಿಜ್ಜಿನಲ್ಲಿಡಿ. ಬೆಳಿಗ್ಗೆ ಎರಡರ ಮೇಲೂ ಬಾಟಲಿಯ ಮುಚ್ಚಳ ಇಟ್ಟು, ಅದು ಮುಳುಗುವವರೆಗೆ ಒಂದೊಂದೇ ನಾಣ್ಯ ಪೇರಿಸಿ. ಹೋಲಿಸಲು ಅಷ್ಟು ಸಾಕು.

ಒಣಗಿಸುವಾಗ ನಾನು ಮಾಡಿದ ದಡ್ಡತನ ನೀವು ಮಾಡಬೇಡಿ. ಬಿಸಿಲು ಧಾರಾಳ ಇದೆಯಲ್ಲ ಅಂತ ಜೆಲ್ ಹರಡಿದ ತಾಟುಗಳನ್ನು ಮಾಳಿಗೆ ಮೇಲೆ ಇಟ್ಟೆ. ಅರ್ಧ ಗಂಟೆಯಲ್ಲಿ ಎಲ್ಲ ಕರಗಿ ಪಾಯಸವಾಯಿತು, ಸಂಜೆಗೆ ಕೊಳೆತ ವಾಸನೆ. ಬ್ಯಾಕ್ಟೀರಿಯಾಗಳಿಗೆ ಜೆಲಾಟಿನ್ ಅಂದರೆ ಹಬ್ಬದೂಟ. ತೆಳ್ಳಗೆ ಹರಡಿ, ಮೊದಲು ತಂಪಿನಲ್ಲಿ ಫ್ಯಾನ್ ಗಾಳಿಗೆ ಬಿಡಿ. ಮೇಲ್ಮೈ ಒಣಗಿ ಹಾಳೆಯ ಹಾಗಾದ ಮೇಲೆ ಬೇಕಾದರೆ ಸ್ವಲ್ಪ ಬಿಸಿ ಕೊಡಿ. ಪ್ರಾಜೆಕ್ಟ್ ಡಿಸೆಂಬರಿಗೆ ಮುಂದೂಡಲು ಸಾಧ್ಯವಾದರೆ ಇನ್ನೂ ಒಳ್ಳೆಯದು.

ಪ್ರಾಜೆಕ್ಟಿಗೆ ಎಲ್ಲವನ್ನೂ ಬದಲಿಸಲು ಹೋಗಬೇಡಿ. ಒಂದೇ ತೊಗಲು, ಒಂದೇ ಆಮ್ಲ, ಒಂದೇ ಸಮಯ ಇಟ್ಟುಕೊಂಡು ತಾಪಮಾನ ಮಾತ್ರ 55, 65, 75 ಮಾಡಿ. ಬೆನ್ನಿನ ತೊಗಲೂ ಹೊಟ್ಟೆಯ ತೊಗಲೂ ಒಂದೇ ಥರ ಇರಲ್ಲ, ಚೂರುಗಳನ್ನು ಚೆನ್ನಾಗಿ ಕಲಸಿ ಆಮೇಲೆ ಮೂರು ಪಾಲು ಮಾಡಿ. ಸುಣ್ಣದ ಕೆಲಸಕ್ಕೆ ಕನ್ನಡಕ, ಕೈಗವಸು ಬೇಕೇ ಬೇಕು. ಕೂದಲು ಕೆರೆಯುವುದನ್ನು ಅಂಗಳದಲ್ಲಿ ಮಾಡಿ. ನಾನು ಒಮ್ಮೆ ಅಡುಗೆಮನೆಯ ಸಿಂಕಿನಲ್ಲಿ ಮಾಡಿದ್ದೆ, ಪೈಪು ಕಟ್ಟಿಕೊಂಡಿತು, ನಮ್ಮವ್ವ ಎರಡು ದಿನ ಮಾತಾಡಲಿಲ್ಲ.