ಮಿನಿಯೇಚರ್‌ಗೆ ಎಷ್ಟು ಜಾಗ್ರತೆಯಿಂದ ಬಣ್ಣ ಹಚ್ಚಿದರೂ ಮುಖ ಚಪ್ಪಟೆ ಕಾಣುತ್ತದೆ, ಯಾಕೆ?

ನೀವು ಎರಡು ವಿಷಯ ಕೇಳಿದ್ದೀರಿ. ಮೇಜಿನ ಮೇಲೆ ಆಡುವ ಯುದ್ಧದಾಟದ 28 ಮಿ.ಮೀ. ಎತ್ತರದ ಗೊಂಬೆಗೆ ಗೆರೆ ತಪ್ಪದೆ ಬಣ್ಣ ಹಚ್ಚಿದರೂ ಮೇಜಿನ ಮೇಲಿಟ್ಟ ಕೂಡಲೇ ಮುಖ ಮಾಯವಾಗುತ್ತದೆ, ಯಾಕೆ ಅಂತ ಒಂದು. ನಮ್ಮ ಕಡೆಯ ಮಳೆಗಾಲದಲ್ಲಿ ಈ ಕೆಲಸ ನಡೆಸುವುದು ಹೇಗೆ ಅಂತ ಇನ್ನೊಂದು. ನನ್ನ ಮನೆ ಕಾಸರಗೋಡಿನ ಬದಿಯಡ್ಕದ ಹತ್ತಿರ. ಎಂಟು ವರ್ಷದಿಂದ ರಾತ್ರಿ ಊಟ ಮುಗಿಸಿ ಇದೇ ಕೆಲಸಕ್ಕೆ ಕೂರುತ್ತೇನೆ. ಹಾಗಾಗಿ ಎರಡಕ್ಕೂ ಹೇಳಬಲ್ಲೆ.

ಮೊದಲನೆಯದಕ್ಕೆ ಉತ್ತರ ನನಗೆ ಸಿಕ್ಕಿದ್ದು ಯಕ್ಷಗಾನದ ಚೌಕಿಯಲ್ಲಿ, ಅಂದರೆ ವೇಷ ಕಟ್ಟುವ ಕೋಣೆಯಲ್ಲಿ. ನನ್ನ ಸೋದರಮಾವ ಬಣ್ಣದ ವೇಷ, ಅಂದರೆ ರಾಕ್ಷಸ ಪಾತ್ರ ಮಾಡುತ್ತಿದ್ದರು. ಚಿಕ್ಕವನಿದ್ದಾಗ ನಾನು ಆಟಕ್ಕಿಂತ ಜಾಸ್ತಿ ಚೌಕಿಯಲ್ಲೇ ಇರುತ್ತಿದ್ದೆ. ತೆಂಗಿನೆಣ್ಣೆಯಲ್ಲಿ ಕಲಸಿದ ಬಣ್ಣ, ಕಾಡಿಗೆ, ಆಮೇಲೆ ಅಕ್ಕಿಹಿಟ್ಟು ಸುಣ್ಣ ಸೇರಿಸಿ ಒಂದೊಂದೇ ಮುಳ್ಳಿನ ಹಾಗೆ ಇಡುವ ಚುಟ್ಟಿ. ಹತ್ತಿರದಿಂದ ನೋಡಿದರೆ ಹೆದರಿಕೆ ಆಗುವಷ್ಟು ದಪ್ಪ ಗೆರೆ. ಇಷ್ಟೆಲ್ಲ ಯಾಕೆ ಅಂತ ಕೇಳಿದ್ದಕ್ಕೆ ಮಾವ ಕನ್ನಡಿಯಿಂದ ಕಣ್ಣು ತೆಗೆಯದೆ, "ಗದ್ದೆಯ ಆಚೆ ಬದಿ ಕೂತವನಿಗೆ ನನ್ನ ಮೂಗು ಎಲ್ಲಿದೆ ಅಂತ ಗೊತ್ತಾಗ್ಬೇಡ್ವಾ?" ಅಂದಿದ್ದರು.

ನಮ್ಮ ಗೊಂಬೆಯದ್ದೂ ಅದೇ ಕಥೆ. ಲೆಕ್ಕ ಹಾಕಿ ನೋಡಿ. ಐದೂವರೆ ಅಡಿಯ ಆಳನ್ನು 28 ಮಿ.ಮೀ.ಗೆ ಇಳಿಸಿದರೆ ಅಂದಾಜು 60 ಪಾಲು ಚಿಕ್ಕವನಾಗುತ್ತಾನೆ. ಮೇಜಿನ ಮೇಲೆ ಅವನನ್ನು ಎರಡಡಿ ದೂರದಿಂದ ನೋಡುವುದು ಅಂದರೆ ನಿಜವಾದ ಮನುಷ್ಯನನ್ನು 120 ಅಡಿ ಆಚೆಯಿಂದ ನೋಡಿದ ಹಾಗೆ. ಅಷ್ಟು ಚಿಕ್ಕ ಮೂಗಿನ ಕೆಳಗೆ ಕೋಣೆಯ ದೀಪ ಕಾಣುವಂಥ ನೆರಳು ಬೀಳಿಸುವುದಿಲ್ಲ. ಆ ನೆರಳನ್ನೂ ಬೆಳಕನ್ನೂ ನಾವೇ ಬರೆಯಬೇಕು. ನೀವು ಚರ್ಮದ ಬಣ್ಣವನ್ನು ಒಂದೇ ಸಮ ಹಚ್ಚಿ ನಿಲ್ಲಿಸಿದ್ದೀರಿ ಅನಿಸುತ್ತದೆ. ಅಲ್ಲಿಗೆ ಅರ್ಧ ಕೆಲಸ ಮಾತ್ರ ಆಯಿತು.

ನಾನು ಮಾಡುವುದು ಹೀಗೆ. ಟಿಪ್ಪುವಿನ ಕಾಲದ ಮೈಸೂರು ಸಿಪಾಯಿ ಅಂತ ಇಟ್ಟುಕೊಳ್ಳಿ. ಕಂಪನಿಗಳು 'ಫ್ಲೆಶ್' ಅಂತ ಮಾರುವ ಬಣ್ಣ ಹೆಚ್ಚಾಗಿ ಯುರೋಪಿನವರ ಚರ್ಮದ್ದು, ನಮ್ಮವರ ಮುಖಕ್ಕೆ ಹೊಂದುವುದಿಲ್ಲ. ಕೆಂಪು ಛಾಯೆಯ ಕಂದಿನಿಂದ ಶುರು ಮಾಡಿ. ಅದು ಒಣಗಿದ ಮೇಲೆ ಇನ್ನೂ ಗಾಢವಾದ ಕೆಂಗಂದನ್ನು ನೀರಾಗಿಸಿ ಕಣ್ಣಿನ ಗುಳಿ, ಮೂಗಿನ ಬದಿ, ಕೆಳತುಟಿಯ ಅಡಿ, ಮುಂಡಾಸಿನ ಅಂಚು, ಇಷ್ಟಕ್ಕೇ ಹರಿಯಬಿಡಿ. ಆಮೇಲೆ ಮೊದಲಿನ ಕಂದಿಗೆ ಸ್ವಲ್ಪ ಕಾವಿ ಹಳದಿ ಸೇರಿಸಿ ಮೂಗಿನ ದಿಣ್ಣೆ, ಕೆನ್ನೆಯ ಮೂಳೆ, ಹುಬ್ಬಿನ ಮೇಲ್ಭಾಗ, ಗಲ್ಲ. ಬಿಳಿ ಸೇರಿಸಬೇಡಿ. ಸೇರಿಸಿದರೆ ಮುಖಕ್ಕೆ ಬೂದಿ ಬಳಿದ ಹಾಗೆ ಆಗುತ್ತದೆ. ಕೊನೆಯಲ್ಲಿ ಮೂಗಿನ ತುದಿಗೆ ಇನ್ನೂ ತಿಳಿಯಾದ ಒಂದೇ ಒಂದು ಚುಕ್ಕಿ. ಕೈಯಲ್ಲಿ ಹಿಡಿದಾಗ ಇದು ಅತಿಯಾಯಿತು ಅನಿಸುತ್ತದೆ. ಹೆದರಬೇಡಿ, ಮೇಜಿನ ಮೇಲಿಟ್ಟು ಎರಡು ಹೆಜ್ಜೆ ಹಿಂದೆ ಹೋಗಿ ನೋಡಿ.

ಕಣ್ಣನ್ನು ಮಾತ್ರ ಚರ್ಮಕ್ಕಿಂತ ಮೊದಲೇ ಮುಗಿಸಿಬಿಡಿ. ಗುಳಿಯಲ್ಲಿ ಕಡು ಕಂದಿನ ಒಂದು ಅಡ್ಡ ಗೆರೆ, ಅದರೊಳಗೆ ಅಚ್ಚ ಬಿಳಿಯ ಬದಲು ತುಸು ಮಾಸಿದ ಬಿಳಿ, ನಡುವೆ ಮೇಲಿಂದ ಕೆಳಗೆ ಒಂದು ಕಪ್ಪು ಗೀಟು. ಚುಕ್ಕಿ ಇಡಲು ಹೋದರೆ ಬೆಚ್ಚಿಬಿದ್ದವನ ಕಣ್ಣಾಗುತ್ತದೆ. ಗೀಟು ಎಳೆದು ಮೇಲೂ ಕೆಳಗೂ ಚರ್ಮದ ಬಣ್ಣದಿಂದ ಮುಚ್ಚಿದರೆ ನೋಟ ನೆಟ್ಟಗೆ ಬರುತ್ತದೆ.

ಬ್ರಶ್ಶಿನ ವಿಷಯವೂ ಹೇಳಬೇಕು. ಎಲ್ಲರೂ ಮೊದಲು ಕೊಳ್ಳುವುದು ಕೂದಲೆಳೆಯಂಥ ಮೂರು ಸೊನ್ನೆಯ ಬ್ರಶ್. ಅದರಲ್ಲಿ ಬಣ್ಣ ನಿಲ್ಲುವುದೇ ಇಲ್ಲ, ಗೊಂಬೆಗೆ ತಾಗುವ ಮೊದಲೇ ತುದಿಯಲ್ಲಿ ಒಣಗುತ್ತದೆ. ತುದಿ ಚೂಪಾಗಿರುವ 1ನೇ ನಂಬರ್ ಒಂದು ಸಾಕು. ಬಣ್ಣ ತೆಳು ಮಜ್ಜಿಗೆಯ ಹದದಲ್ಲಿರಲಿ, ಒಂದು ದಪ್ಪ ಬಳಿತದ ಬದಲು ಎರಡು ತೆಳು ಬಳಿತ. ಸಿಪಾಯಿಯ ಅಂಗಿಯಲ್ಲಿ ಇದು ಚೆನ್ನಾಗಿ ಗೊತ್ತಾಗುತ್ತದೆ. ಟಿಪ್ಪುವಿನ ಕಾಲಾಳುಗಳದ್ದು ನೇರಳೆ ಬಟ್ಟೆಯ ಮೇಲೆ ಬಿಳಿ ಹುಲಿಗುರುತು. ಬಳಿತ ದಪ್ಪವಾದರೆ ಬಟ್ಟೆಯ ಮಡಿಕೆಗಳೇ ಮುಚ್ಚಿಹೋಗುತ್ತವೆ, ಗುರುತು ಇಟ್ಟರೂ ಹಲಗೆಯ ಮೇಲೆ ಇಟ್ಟ ಹಾಗೆ ಕಾಣುತ್ತದೆ. ಮಡಿಕೆ ತಗ್ಗಾದಲ್ಲಿ ಗುರುತೂ ಸ್ವಲ್ಪ ಮಂಕಾಗಬೇಕು. ಒಂದು ಅಂಗಿಗೆ ನನಗೆ ಎರಡು ರಾತ್ರಿ ಬೇಕು. ನನಗೆ ತುಂಬ ಇಷ್ಟದ ಕೆಲಸ ಅದು.

ರಾಕ್ಷಸರು, ಪಾಶ್ಚಾತ್ಯ ಕಲ್ಪನೆಕಥೆಗಳ ಓರ್ಕ್ ಎಂಬ ದೈತ್ಯರು, ಇಂಥವಕ್ಕೂ ಇದೇ ದಾರಿ. ಅಲ್ಲಿ ಬಣ್ಣದ ವೇಷದಷ್ಟೇ ಧೈರ್ಯ ಮಾಡಬಹುದು. ಹಸಿರು ಚರ್ಮದ ನೆರಳಿಗೆ ಕಪ್ಪಿನ ಬದಲು ಕಡು ಕೆಂಪು ಬೆರೆಸಿ ನೋಡಿ, ಜೀವ ಬರುತ್ತದೆ.

ಇನ್ನು ಮಳೆಗಾಲ. ನನ್ನ ಮೊದಲ ವರ್ಷದ ಜುಲೈಯಲ್ಲಿ 12 ಸಿಪಾಯಿಗಳನ್ನು ಮುಗಿಸಿ, ಜಗಲಿಯಲ್ಲಿ ನಿಂತು ಬಣ್ಣ ಕಾಯುವ ಮ್ಯಾಟ್ (ಹೊಳಪಿಲ್ಲದ) ವಾರ್ನಿಷ್ ಸ್ಪ್ರೇ ಹೊಡೆದೆ. ಬೆಳಗ್ಗೆ ನೋಡಿದರೆ ಎಲ್ಲರ ಮೇಲೂ ಮಂಜು ಕವಿದ ಹಾಗೆ ಬಿಳಿ ಪೊರೆ. ಅಳು ಬಂದಿತ್ತು. ಗಾಳಿಯ ತೇವದಿಂದ ಹೀಗಾಗುತ್ತದೆ. ಮೇಲಿಂದ ಬ್ರಶ್ಶಿನಲ್ಲಿ ಹೊಳಪಿನ ವಾರ್ನಿಷ್ ಒಂದು ಸುತ್ತು ಹಚ್ಚಿದ ಮೇಲೆ ಹೆಚ್ಚಿನವು ತಿಳಿಯಾದವು, ಮೂರು ಹಾಳಾದವು. ಆವತ್ತಿನಿಂದ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸ್ಪ್ರೇ ಮುಟ್ಟುವುದಿಲ್ಲ. ಬಣ್ಣಕ್ಕೆ ಮೊದಲು ಹಚ್ಚುವ ತಳಬಳಿತ, ಪ್ರೈಮರ್ ಕೂಡ ಬ್ರಶ್ಶಿನಲ್ಲೇ. ಪ್ರೈಮರ್‌ಗೆ ಮೊದಲು ಗೊಂಬೆಯನ್ನು ಸೋಪಿನ ನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಿ. ಅಚ್ಚಿನ ಎಣ್ಣೆ ಉಳಿದರೆ ಬಣ್ಣ ಸಿಪ್ಪೆಯಾಗಿ ಏಳುತ್ತದೆ. ಕೂದಲಿನ ಬ್ರಶ್‌ಗಳಿಗೆ ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ, ಒದ್ದೆ ಇರುವಾಗಲೇ ಡಬ್ಬಿಗೆ ಹಾಕಿ ಮುಚ್ಚಬೇಡಿ. ಏಪ್ರಿಲ್‌ನಲ್ಲಿ ಇದಕ್ಕೆ ಉಲ್ಟಾ. ಬಣ್ಣ ತಟ್ಟೆಯಲ್ಲೇ ಒಣಗುತ್ತದೆ. ಆಗ ಟಿಫಿನ್ ಡಬ್ಬಿಯಲ್ಲಿ ಒದ್ದೆ ಸ್ಪಂಜು, ಅದರ ಮೇಲೆ ಬೇಕಿಂಗ್ ಪೇಪರ್ ಹಾಸಿ ಬಣ್ಣ ಅದರ ಮೇಲಿಡಿ.

ಗೊಂಬೆ ನಿಲ್ಲುವ ಬಿಲ್ಲೆಗೆ ದುಡ್ಡು ಕೊಟ್ಟು ಮಣ್ಣು ತರಿಸಬೇಡಿ. ನಮ್ಮಲ್ಲಿ ಮುರಕಲ್ಲು (ಜಂಬಿಟ್ಟಿಗೆ) ಇದೆಯಲ್ವಾ. ಪುಡಿ ಮಾಡಿ, ಜರಡಿ ಹಿಡಿದು, ಫೆವಿಕಾಲ್ ಮೇಲೆ ಉದುರಿಸಿ. ಸಮುದ್ರದ ಹೊಯ್ಗೆ (ಮರಳು) ಆದರೆ ಉಪ್ಪು ಹೋಗುವವರೆಗೆ ತೊಳೆಯಬೇಕು. ಹೈದರಾಲಿ ಬೇಕಲ ಕೋಟೆ ಹಿಡಿದದ್ದು 1763ರಲ್ಲಿ. ಆ ಘಟನೆಯ ಯುದ್ಧದಾಟಕ್ಕೆ ಈಗ ಒಂದು ಬುರುಜು ಮಾಡುತ್ತಿದ್ದೇನೆ. ಥರ್ಮಾಕೋಲ್ ಮೇಲೆ ಸ್ಪ್ರೇ ಹೊಡೆದರೆ ಕರಗಿಹೋಗುತ್ತದೆ, ಅದಕ್ಕೇ ಮೊದಲು ಫೆವಿಕಾಲ್ ಬಳಿದು ಮುರಕಲ್ಲ ಪುಡಿ ಹಾಕಿದ್ದೇನೆ. ತೂತುಗಳ ಒಳಗೆ ಕರಿಗಂದು, ಮಳೆ ಬೀಳುವ ಬದಿಗೆ ಪಾಚಿಯ ಹಸಿರು ಆಯಿತು. ವಾರ್ನಿಷ್ ಮಾತ್ರ ದೀಪಾವಳಿ ಕಳೆದು ಅಂಗಳಕ್ಕೆ ಅಡಿಕೆ ಒಣಹಾಕಿದ ಮೇಲೆ.